ಮೆಡೋಸ್ ಟೇಲರ್ ಮತ್ತು ಸುರಪುರದ ಬಾಲರಾಜ

ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರಕ್ಕೆ ಸಂತೆಗೆ ಬರುವ ರೈತನಿಗೆ ಇಬ್ರಾಹಿಂ ರೋಜಾದ ಮಿನಾರುಗಳು ನಿತ್ಯದ ನೋಟ. ಈ ನಗರದ ಕಟ್ಟಡಗಳನ್ನು ಛಾಯಾಚಿತ್ರಗಳೊಡನೆ ಪಾಶ್ಚಾತ್ಯ ಓದುಗರ ಮುಂದಿರಿಸಿದ ಬೃಹದ್ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ವಾಸ್ತುವಿಚಾರದ ಟಿಪ್ಪಣಿಗಳನ್ನು ಬರೆದವನು ಜೇಮ್ಸ್ ಫರ್ಗ್ಯುಸನ್. ಚರಿತ್ರೆಯನ್ನು ಬರೆದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಸೇನಾಧಿಕಾರಿ. ಇವನ ಬಾಳಿನ ಕಥೆಯನ್ನು ನಮ್ಮ ಸೀಮೆಯವರು ತಿಳಿದಿರಬೇಕು.

1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಟೇಲರ್, ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲೆಂದು ಹದಿನೈದನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದ. ಆ ವ್ಯಾಪಾರ ನೆಚ್ಚುವಂತಿರಲಿಲ್ಲ. 1824ರಲ್ಲಿ ನಿಜಾಮನ ಸೈನ್ಯದಲ್ಲಿ ಅವನಿಗೆ ಅಧಿಕಾರಿಯ ಹುದ್ದೆ ದೊರೆಯಿತು. ಕಂಪನಿಯ ಸೈನ್ಯವಲ್ಲ, ನಿಜಾಮನದು ಎಂಬುದನ್ನು ಗಮನಿಸಬೇಕು. ಕಂಪನಿಯ ಅಧಿಕಾರಿಗಳಿಗಿದ್ದ ಮನ್ನಣೆ ಅವನಿಗೆ ಸುಲಭವಾಗಿ ದಕ್ಕಲಿಲ್ಲ. ಆದರೆ ದೇಶಭಾಷೆಗಳು ದಕ್ಕಿದವು. 1839ರಲ್ಲಿ ಅವನು ಬರೆದ ಠಕ್ಕನ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಲಾಯಿತು. ಬೇಡರ ಆ ಸಂಸ್ಥಾನದ ಗಾದಿಗೆ ಹಕ್ಕುದಾರನಾದ ವೆಂಕಟಪ್ಪನಾಯಕ ಇನ್ನೂ ಬಾಲಕ. ತಾಯಿ ಈಶ್ವರಮ್ಮನ ದರಬಾರಿನಲ್ಲಿ ಒಳಜಗಳ. ಟೇಲರ್ ಸಾಲಸೋಲಗಳನ್ನು ಸರಿಪಡಿಸಿದ, ಕೆರೆಗಳನ್ನು ಕಟ್ಟಿಸಿದ, ಹುಡುಗನನ್ನು ಓದಿಸಿದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಪ್ರಾಯಕ್ಕೆ ಬಂದ ರಾಜನಿಗೊಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪನಾಯಕ ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ಅವನನ್ನು ಕಾಣಲು ಹೋದವನು ಅದೇ 'ಅಪ್ಪಾ'. ಮರಣದಂಡನೆ ಇಳಿದಿಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವಾಯಿತು. ಆದರೆ ದಾರಿಯಲ್ಲೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ಗುಂಡು ತಗುಲಿ ಸತ್ತ. ಇಪ್ಪತ್ತನಾಲ್ಕನೆಯ ವರ್ಷವನ್ನು ಇವನು ದಾಟಲಾರನೆಂದು ಜಾತಕ ನುಡಿದಿತ್ತೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಜಾತಕದ ಮಾತು ಒತ್ತಟ್ಟಿಗಿರಲಿ. ಮಗನಂತೆ ಸಾಕಿದ ಹುಡುಗನ ರಾಜ್ಯವನ್ನು ನುಂಗಿದ ಅಧಿಕಾರಕ್ಕೇ ಅವನು ದುಡಿಯುತ್ತಿದ್ದನೆಂಬುದನ್ನು ಆ ಕರುಣಾಪೂರ್ಣ ಪುಟಗಳು ಮರೆಸಲಾರವು.

1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಟೇಲರನೂ ಆ ವರ್ಷವೇ ಸ್ವದೇಶಕ್ಕೆ ಮರಳಿದ. ಅಲ್ಲಿ ಕುಳಿತು ಆದಿಲಶಾಹಿಯ ಕಾಲದ 'ತಾರಾ' ಬರೆದ. ಚಾಂದಬೀಬಿಯ ಕಾದಂಬರಿ ಬೆಳಕು ಕಂಡದ್ದು 1876ರಲ್ಲಿ ಅವನು ತೀರಿಕೊಂಡ ಮೇಲೆ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಎನ್ನುತ್ತಾರೆ.