ಸೆರೆಮನೆಯ ದಾಖಲೆಯೂ ಬಂದಿಯ ಭಾವಚಿತ್ರವೂ

ಅಮೆರಿಕದ ಅರಿಜೋನಾ ಸಂಸ್ಥಾನದಲ್ಲಿ ಮಾರಿಕೋಪಾ ಎಂಬ, ನಮ್ಮ ಜಿಲ್ಲೆಯನ್ನು ಹೋಲುವ, ಕೌಂಟಿಯುಂಟು. 2020ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆಯು 44 ಲಕ್ಷಕ್ಕೂ ಮಿಗಿಲು. ಅಲ್ಲಿಯ ಷೆರಿಫನ ಕಚೇರಿಯು ದಸ್ತಗಿರಿಯಾದವರ ಹೆಸರು, ಜನ್ಮದಿನಾಂಕ, ಆರೋಪಗಳೊಡನೆ ಅವರ ಭಾವಚಿತ್ರವನ್ನೂ ಸುಮಾರು ಮೂರು ದಿನ ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದಿತು. 2022ರಲ್ಲಿ ಹೀಗೆ ಪ್ರಕಟವಾದ ಒಬ್ಬನ ಮೇಲಿನ ಆರೋಪವು ಮುಂದೆ ಬಿದ್ದುಹೋಯಿತು; ಪಟವನ್ನು ಮಾತ್ರ ಪರರು ನಕಲು ಮಾಡಿಕೊಂಡಾಗಿದ್ದಿತು. ಅವನು ಹೂಡಿದ ವ್ಯಾಜ್ಯವನ್ನು ಕೆಳಗಿನ ನ್ಯಾಯಸ್ಥಾನವು ವಜಾ ಮಾಡಿತು. 2024ರಲ್ಲಿ ಒಂಬತ್ತನೆಯ ವಿಭಾಗದ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಅದಕ್ಕೆ ಮರುಜೀವವಿತ್ತಿತು. ವಿಚಾರಣೆಗೆ ಮುನ್ನವೇ ಶಿಕ್ಷೆ ಸಲ್ಲದು, ಪಾರದರ್ಶಕತೆಯೆಂಬ ಬರಿಯ ಮಾತು ಅದಕ್ಕೆ ಸಮರ್ಥನೆಯಾಗದು ಎಂಬುದು ಅದರ ನಿಲುವು.

ಸೆರೆಯ ದಾಖಲೆಯು ಸಾರ್ವಜನಿಕವಾಗಿರಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸರ್ಕಾರವು ಯಾರನ್ನು ಎಲ್ಲಿ ಕೂಡಿಹಾಕಿದೆಯೆಂಬುದು ಪ್ರಜೆಗೆ ತಿಳಿಯದ ದೇಶದಲ್ಲಿ ಮನುಷ್ಯನು ಮಾಯವಾಗುವುದು ಸುಲಭ. ರಾತ್ರಿ ಮನೆಗೆ ಬಾರದ ಮಗನನ್ನರಸುವ ತಾಯಿಗೆ ಆ ಪಟ್ಟಿಯೇ ಆಧಾರ. ಆದರೆ ಆಕೆಗೆ ಬೇಕಾದುದು ಅವನಿರುವ ಬಂದೀಖಾನೆ, ಹೊರಿಸಿದ ಆರೋಪ, ಜಾಮೀನಿನ ಮೊತ್ತ. ಮಗನ ಮುಖವನ್ನು ಆಕೆ ಬಲ್ಲಳಷ್ಟೆ! ತಲೆಮರೆಸಿಕೊಂಡವನನ್ನು ಹಿಡಿಯಲು ಪಟ ಬೇಕೆಂದರೆ ಒಪ್ಪಬಹುದು. ಆಗಲೇ ಕೈಗೆ ಸಿಕ್ಕಿರುವವನ ಪಟವು, ನೋಡಿ ನಗುವವರಿಗಲ್ಲದೆ, ಮತ್ತಾರಿಗೆ?

ನೆರೆಯ ಕ್ಯಾಲಿಫೋರ್ನಿಯಾ ಇದನ್ನು ಅರಿತಂತೆ ತೋರುತ್ತದೆ. ಹಿಂಸೆಯಿಲ್ಲದ ಅಪರಾಧಗಳ ಆರೋಪಿತರ ಪಟಗಳನ್ನು ಪೊಲೀಸರು ಸಾಮಾಜಿಕ ಜಾಲತಾಣಗಳಲ್ಲಿ ಹಾಕಕೂಡದೆಂದು, ಕೆಲವು ಅಪವಾದಗಳೊಡನೆ, ಅಲ್ಲಿ 2021ರಲ್ಲಿಯೇ ಶಾಸನವಾಯಿತು.