ಹಳೆಯ ಪತ್ರಿಕೆಯಲ್ಲಿ ಹಳ್ಳಿಯ ಬಾಳು

1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಹೊರತಂದ ಕಲ್ಲಚ್ಚಿನ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಮುಂದೆ ಬಂದ ಜಿಲ್ಲಾ ಪತ್ರಿಕೆಗಳಲ್ಲಿ ಮಳೆ-ಬೆಳೆ, ಪೇಟೆಧಾರಣೆ, ಜಾತ್ರೆ, ನಾಟಕ ಕಂಪನಿಗಳ ಜಾಹೀರಾತು ಒಟ್ಟಿಗೇ ಅಚ್ಚಾಗುತ್ತಿದ್ದವು.

ಹಳ್ಳಿಯಲ್ಲೂ ಇವು ಒಂದನ್ನೊಂದು ಬಿಟ್ಟಿರಲಿಲ್ಲ. ಡೋಣಿ ಹೊಳೆ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತು ವಿಜಯಪುರ ಸೀಮೆಯದು. ಬಬಲೇಶ್ವರದ ನಿಡೋಣಿಯಂತಹ ಊರುಗಳಲ್ಲಿ ಹಿಂಗಾರಿ ಜೋಳ ಕೈಗೆ ಬಂದರೆ ಇರುಳಿಡೀ ಶ್ರೀಕೃಷ್ಣ ಪಾರಿಜಾತ. ಮಳೆ ಕೈಕೊಟ್ಟರೆ ಗುಳೆ. ಬರ ಬಿದ್ದಾಗ ಪತ್ರಿಕೆಗೆ ಸುದ್ದಿಯಾಗುವ ಹಳ್ಳಿಯ ನಗೆ-ನಲಿವು ಉಳಿದಿರುವುದು ಹಳೆಯ ಸಂಚಿಕೆಗಳ ಮೂಲೆಯ ಸಾಲುಗಳಲ್ಲಿ ಮಾತ್ರ.

ಆ ಹಾಳೆಗಳನ್ನೇ ನಾವು ರದ್ದಿಯೆಂದು ತೂಕಕ್ಕೆ ಹಾಕುತ್ತಿದ್ದೇವೆ. ಹಾಕುವ ಮುನ್ನ ಮನೆಯ ಹಿರಿಯರೊಡನೆ ಕುಳಿತು ಒಮ್ಮೆ ಬಿಡಿಸಿ ಓದೋಣ. ನಮ್ಮೂರಿನ ಹೆಸರು ಕಂಡ ಪುಟವನ್ನಾದರೂ ಮಕ್ಕಳಿಗಾಗಿ ಎತ್ತಿಡೋಣ.