ಒಡೆಯನ ಮುಖವನ್ನು ಗುರುತಿಸದ ಫೋನು

ಪಾವಗಡದ ಬಿಸಿಲಿನ ಖ್ಯಾತಿಯು ಈಗ ನಾಡಿನ ಗಡಿಯನ್ನೇ ದಾಟಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯ ಮೇಲೆ ಹಾಸಿರುವ ಸೌರಫಲಕಗಳು 2,050 ಮೆಗಾವಾಟ್ ಸಾಮರ್ಥ್ಯವುಳ್ಳವು. ಅದೇ ಬಿಸಿಲಿನಲ್ಲಿ, ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತ ರೈತನೊಬ್ಬನು ಜೇಬಿನಿಂದ ಫೋನನ್ನು ತೆಗೆದು ಮುಖದೆದುರಿಗೆ ಹಿಡಿಯುತ್ತಾನೆ. ಬೆಳಿಗ್ಗೆ ಮನೆಯ ಪಡಸಾಲೆಯಲ್ಲಿ ಕ್ಷಣಮಾತ್ರದಲ್ಲಿ ಬೀಗ ತೆರೆದ ಫೋನು ಈಗ ಅವನನ್ನು ಕಂಡರಿಯದ ಪರಸ್ಥಳದವನಂತೆ ನೋಡಿ ಸುಮ್ಮನಾಗುತ್ತದೆ. ಮುಖವೂ ಅದೇ, ಫೋನೂ ಅದೇ. ಹಾಗಾದರೆ ಬದಲಾದುದೇನು?

ಮಧುಗಿರಿಯ ಏಕಶಿಲಾ ಬೆಟ್ಟವು ಬೆಳಿಗ್ಗೆ ಒಂದು ಬಣ್ಣವಾಗಿ ಕಂಡರೆ ಸಂಜೆ ಇನ್ನೊಂದು ಬಣ್ಣವಾಗಿ ಕಾಣುತ್ತದೆ. ಊರೊಳಗಿನಿಂದ ಕಾಣುವ ಆಕಾರ ಬೇರೆ, ದೂರದ ಹೊಲಗಳಿಂದ ಕಾಣುವ ಆಕಾರ ಬೇರೆ. ಆದರೂ ಆ ಊರಿನ ಮಗುವು ಸಹ ಅದನ್ನು ಬೇರೊಂದು ಬೆಟ್ಟವೆಂದು ಭ್ರಮಿಸುವುದಿಲ್ಲ. ಬೆಳಕಿನ ವ್ಯತ್ಯಾಸವನ್ನು ಕಳೆದು ವಸ್ತುವನ್ನು ಮಾತ್ರ ಉಳಿಸಿಕೊಳ್ಳುವುದರಲ್ಲಿ ಮನುಷ್ಯನ ಮೆದುಳು ಅತಿ ನಿಪುಣವಾದುದು. ಯಂತ್ರಕ್ಕೆ ಈ ವಿದ್ಯೆಯನ್ನು ಕಲಿಸಲು ಅರ್ಧ ಶತಮಾನವೇ ಹಿಡಿಯಿತು. 1960ರ ದಶಕದಲ್ಲಿ ಅಮೆರಿಕದ ವುಡಿ ಬ್ಲೆಡ್ಸೊ ಎಂಬ ಗಣಿತಜ್ಞನು ಭಾವಚಿತ್ರಗಳಲ್ಲಿ ಕಣ್ಣಿನ ಮೂಲೆ, ಬಾಯಿಯ ಅಂಚು ಮೊದಲಾದ ಬಿಂದುಗಳನ್ನು ಕೈಯಿಂದಲೇ ಗುರುತು ಮಾಡಿಸಿ, ಅವುಗಳ ನಡುವಣ ದೂರಗಳನ್ನು ಗಣಕಯಂತ್ರಕ್ಕೆ ಒದಗಿಸುತ್ತಿದ್ದನು. ತಲೆಯ ಓರೆ, ಬೆಳಕಿನ ಏರುಪೇರು ಇವೆರಡೂ ದೊಡ್ಡ ತೊಡಕುಗಳೆಂಬುದು ಅವನಿಗೆ ಅಂದೇ ತಿಳಿದಿತ್ತು. ನಮ್ಮ ರೈತನ ಫೋನನ್ನು ಕಾಡುತ್ತಿರುವುದೂ ಅವೇ.

ಇಂದಿನ ಫೋನು ದೂರಗಳನ್ನು ಅಳೆಯುತ್ತ ಕೂರುವುದಿಲ್ಲ. ಅಸಂಖ್ಯ ಭಾವಚಿತ್ರಗಳಿಂದ ಪಾಠ ಕಲಿತ ಒಂದು ಗಣನಕ್ರಮವು ಮುಖದ ಚಿತ್ರವನ್ನು ಸಂಖ್ಯೆಗಳ ಒಂದು ಸಾಲಾಗಿ ಮಾರ್ಪಡಿಸುತ್ತದೆ. 2015ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಒಂದು ವಿಧಾನದಲ್ಲಿ ಈ ಸಾಲಿನಲ್ಲಿದ್ದುದು 128 ಸಂಖ್ಯೆಗಳು ಮಾತ್ರ. ಮೊದಲ ದಿನ ನಾವು ಮುಖವನ್ನು ತೋರಿಸಿ ದಾಖಲು ಮಾಡಿದಾಗ ಅಂತಹ ಒಂದು ಸಾಲು ಫೋನಿನಲ್ಲಿ ಮಾದರಿಯಾಗಿ ಉಳಿಯುತ್ತದೆ. ಮುಂದೆ ಪ್ರತಿಯೊಂದು ಸಲವೂ ಹೊಸ ಸಾಲೊಂದು ಹುಟ್ಟಿ, ಹಳೆಯದರೊಡನೆ ಹೋಲಿಕೆಗೆ ನಿಲ್ಲುತ್ತದೆ. ಎರಡೂ ಎಂದೂ ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ. ವ್ಯತ್ಯಾಸವು ಗೊತ್ತುಮಾಡಿದ ಮಿತಿಯೊಳಗಿದ್ದರೆ ಬೀಗವು ತೆರೆಯುತ್ತದೆ, ಮೀರಿದರೆ ಇಲ್ಲ. ಬಾಗಿಲು ಕಾಯುವವನು ಅತಿ ಕಟ್ಟುನಿಟ್ಟಾದರೆ ಮನೆಯ ಅಳಿಯನನ್ನೂ ಹೊರಗೆ ನಿಲ್ಲಿಸುತ್ತಾನೆ, ಸಡಿಲವಾದರೆ ಕಳ್ಳನನ್ನೂ ಒಳಗೆ ಬಿಡುತ್ತಾನೆ. ಮಿತಿಯನ್ನು ಎಲ್ಲಿ ಇಟ್ಟರೂ ಈ ಎರಡು ತಪ್ಪುಗಳಲ್ಲಿ ಒಂದು ತಗ್ಗಿದರೆ ಇನ್ನೊಂದು ಹೆಚ್ಚುವುದು.

ಈಗ ಬಿಸಿಲಿಗೆ ಬರೋಣ. ನಡುಹಗಲಿನ ನೇರ ಬಿಸಿಲಿನ ಪ್ರಕಾಶವು ಸುಮಾರು 1,00,000 ಲಕ್ಸ್. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ನಮ್ಮ ಕಣ್ಣು ಈ ಅಂತರಕ್ಕೆ ಹೊಂದಿಕೊಳ್ಳಬಲ್ಲುದು. ಫೋನಿನ ಪುಟ್ಟ ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ. ಸೂರ್ಯನು ನೆತ್ತಿಯ ಮೇಲಿರುವಾಗ ಹುಬ್ಬಿನ ನೆರಳು ಕಣ್ಣಿನ ಗುಳಿಗಳನ್ನೂ, ಮೂಗಿನ ನೆರಳು ಮೇಲ್ತುಟಿಯನ್ನೂ ಮುಚ್ಚುತ್ತದೆ. ಹಣೆ ಮತ್ತು ಮೂಗಿನ ತುದಿ ಮಾತ್ರ ಬೆಳ್ಳಗೆ ಹೊಳೆಯುತ್ತವೆ. ಗಣನಕ್ರಮಕ್ಕೆ ಬಹು ಮುಖ್ಯವಾದ ಕಣ್ಣುಗಳ ಸುತ್ತಣ ಭಾಗವೇ ಹೀಗೆ ಕತ್ತಲಾಗುವುದು. ಇದಲ್ಲದೆ ಫೋನನ್ನು ಕೆಳಗಿನಿಂದ ಹಿಡಿದಾಗ ಮುಖದ ಹಿಂದೆ ಪ್ರಖರವಾದ ಆಕಾಶವು ಬರುತ್ತದೆ. ಚಿತ್ರವೆಲ್ಲ ಬಿಳುಪಾಗದಿರಲೆಂದು ಕ್ಯಾಮೆರಾವು ಬೆಳಕನ್ನು ತಗ್ಗಿಸಿದರೆ ಮುಖವು ಕೇವಲ ಕಪ್ಪು ನೆರಳಾಗಿ ಉಳಿಯುತ್ತದೆ. ಪಕ್ಕದ ಹುಣಸೆಮರದ ನೆರಳಿಗೆ ಹೋಗಿ, ಮುಖವನ್ನು ಬಯಲಿನ ಕಡೆಗೂ ಬೆನ್ನನ್ನು ಮರದ ಕಡೆಗೂ ಮಾಡಿ, ಫೋನನ್ನು ಕಣ್ಣಿನ ಮಟ್ಟಕ್ಕೆ ಒಂದು ಮೊಳಕ್ಕಿಂತ ಕೊಂಚ ಕಡಿಮೆ ದೂರದಲ್ಲಿ ಹಿಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟೇ ಸಾಕು.

ಕೊರಟಗೆರೆಯ ಕಡೆಯ ಅಡಿಕೆ ತೋಟದಲ್ಲಿ ಮುಸ್ಸಂಜೆಯ ಹೊತ್ತು ತೊಂದರೆಯು ಇದಕ್ಕೆ ವಿಪರೀತವಾದುದು. ಬೆಳಕು ಸಾಲದಿರುವಾಗ ಕ್ಯಾಮೆರಾವು ಒಂದೊಂದು ಚಿತ್ರಕ್ಕೂ ಹೆಚ್ಚು ಕಾಲ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೈ ನಡುಗಿದರೆ ಮುಖವು ಕಲಸಿಹೋಗುವುದು. ಫೋನಿನ ಪರದೆಯ ಬೆಳಕನ್ನು ಹೆಚ್ಚಿಸಿದರೆ ಅದೇ ಒಂದು ಸಣ್ಣ ದೀಪವಾಗಿ ಒದಗುತ್ತದೆ.

ಇದುವರೆಗೆ ಹೇಳಿದುದು ಬರಿಯ ಚಿತ್ರವನ್ನು ನೋಡುವ, ಕಡಿಮೆ ಬೆಲೆಯ ಫೋನುಗಳ ಮಾತು. 2011ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಮೊದಲು ಬಂದ ಮುಖಬೀಗವನ್ನು ಒಡೆಯನ ಭಾವಚಿತ್ರವನ್ನು ತೋರಿಸಿಯೇ ತೆರೆಯಬಹುದಾಗಿತ್ತು! 2017ರ ಐಫೋನಿನಲ್ಲಿ ಬೇರೊಂದು ಉಪಾಯ ಬಂದಿತು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕೆಗಳನ್ನು ಅದು ಮುಖದ ಮೇಲೆ ಚೆಲ್ಲಿ, ಅವುಗಳ ಅಸ್ತವ್ಯಸ್ತತೆಯಿಂದ ಮೂಗಿನ ಎತ್ತರ, ಕೆನ್ನೆಯ ತಗ್ಗುಗಳನ್ನು ಲೆಕ್ಕಹಾಕುತ್ತದೆ. ಇಂತಹ ಫೋನಿಗೆ ಕತ್ತಲೆಯ ಭಯವಿಲ್ಲ. ಸೂರ್ಯನ ಬೆಳಕಿನಲ್ಲಿಯೂ ಅವಕೆಂಪು ಕಿರಣಗಳು ಧಾರಾಳವಾಗಿರುವುದರಿಂದ ಬಿಸಿಲಿನ ಭಯ ಮಾತ್ರ ಸ್ವಲ್ಪ ಉಂಟು. ಇದಕ್ಕೆ ನಿಸರ್ಗವೇ ಒಂದು ಸಂದನ್ನು ಬಿಟ್ಟಿದೆ. ವಾಯುಮಂಡಲದ ನೀರಾವಿಯು 940 ನ್ಯಾನೋಮೀಟರ್ ಆಸುಪಾಸಿನ ತರಂಗಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ, ನೆಲವನ್ನು ಮುಟ್ಟುವ ಬಿಸಿಲಿನಲ್ಲಿ ಆ ತರಂಗಗಳು ವಿರಳ. ಆದುದರಿಂದಲೇ ತಯಾರಕರು ಆ ಅಳತೆಯ ಬೆಳಕನ್ನು ಮೆಚ್ಚಿ ಆರಿಸಿಕೊಳ್ಳುತ್ತಾರೆ. ಕೆಲವು ಕಪ್ಪು ಕನ್ನಡಕಗಳು ಅವಕೆಂಪು ಕಿರಣಗಳನ್ನು ತಡೆಯುತ್ತವೆ. ಹೊಸದಾಗಿ ಕಪ್ಪು ಕನ್ನಡಕ ಕೊಂಡ ಮೇಲೆ ಫೋನು ಮುಷ್ಕರ ಹೂಡಿದರೆ ಮೊದಲು ಅದನ್ನೇ ತೆಗೆದು ನೋಡಬೇಕು.

ಶಿರಾದಂತಹ ಹೆದ್ದಾರಿಯ ಊರುಗಳಲ್ಲಿ ಮಸೂರದ ಮೇಲೆ ಕೂರುವ ಧೂಳು, ಬೆವರಿನ ಜಿಡ್ಡು, ಪರದೆಗೆ ಓರೆಯಾಗಿ ಅಂಟಿಸಿದ ರಕ್ಷಣಾ ಗಾಜು ಇವೂ ಕಾರಣಗಳೇ. ಪಂಚೆಯ ಮೆತ್ತನೆಯ ಅಂಚಿನಿಂದ ಒರೆಸಿದರೆ ಅರ್ಧ ರೋಗ ವಾಸಿ. ಹುಬ್ಬಿನವರೆಗೆ ಇಳಿದ ತಲೆವಸ್ತ್ರ ತೊಡಕಾಗುವುದು. ಹಣೆಯ ವಿಭೂತಿ ಕುಂಕುಮಗಳು ಸಾಮಾನ್ಯವಾಗಿ ತೊಡಕಾಗವು. ತಿರುಪತಿಯಲ್ಲಿ ಮುಡಿಯೊಡನೆ ಗಡ್ಡಮೀಸೆಗಳನ್ನೂ ಒಪ್ಪಿಸಿ ಬಂದವರನ್ನು ಫೋನು ಒಮ್ಮೆ ಅನುಮಾನಿಸಬಹುದು. ಆಗ ಗುಪ್ತಸಂಖ್ಯೆಯನ್ನು ಒತ್ತಿದರೆ, ಉತ್ತಮ ಫೋನುಗಳು ಹೊಸ ಮುಖವನ್ನು ಹಳೆಯ ಮಾದರಿಗೆ ಸೇರಿಸಿಕೊಂಡು ತಾವೇ ತಿದ್ದಿಕೊಳ್ಳುತ್ತವೆ. ಹಾಗಾಗದಿದ್ದರೆ ಹಳೆಯ ದಾಖಲೆಯನ್ನು ಅಳಿಸಿ, ಹಗಲಿನ ಸಮನಾದ ಬೆಳಕಿನಲ್ಲಿ, ತಲೆವಸ್ತ್ರ ತೆಗೆದು, ಮತ್ತೊಮ್ಮೆ ದಾಖಲಿಸುವುದೇ ಮೇಲು.

ಇಷ್ಟೆಲ್ಲ ಮಾಡಿಯೂ ಗೆಲ್ಲದಿದ್ದರೆ ತಮ್ಮ ಮುಖವೇ ಸರಿಯಿಲ್ಲವೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಮುಖವನ್ನು ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ವಾಣಿಜ್ಯ ಗಣನಕ್ರಮಗಳನ್ನು 2018ರಲ್ಲಿ ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಪರೀಕ್ಷಿಸಿದರು. ಬಿಳಿಯ ಮೈಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8, ಕಪ್ಪು ಮೈಬಣ್ಣದ ಹೆಂಗಸರಲ್ಲಿ ಅದು ಶೇಕಡಾ 34.7ರವರೆಗೆ ಏರಿತು. ಯಂತ್ರವು ಯಾರ ಚಿತ್ರಗಳಿಂದ ಪಾಠ ಕಲಿತಿತೋ ಅವರನ್ನೇ ಚೆನ್ನಾಗಿ ಬಲ್ಲುದು.

ಇನ್ನು ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ಸಂದರ್ಭವೊಂದಿದೆ. ಮಧುಗಿರಿಯ ಕಡೆಯ ಒಂದು ಮನೆಯನ್ನು ಊಹಿಸೋಣ. ಬೆಂಗಳೂರಿನಲ್ಲಿರುವ ಮಗನು ಹಬ್ಬಕ್ಕೆ ಬಂದು ತಾಯಿಗೆ ಹೊಸ ಫೋನು ಕೊಟ್ಟಿದ್ದಾನೆ. ಹೊಲದ ಕೆಲಸದಲ್ಲಿ ಆಕೆಯ ಬೆರಳಿನ ಗೆರೆಗಳು ಸವೆದಿರುವುದರಿಂದ ಬೆರಳಚ್ಚು ನಿಲ್ಲಲಿಲ್ಲ. "ನಿನ್ನ ಮುಖಾನೇ ಬೀಗದ ಕೈ ಕಣಮ್ಮ, ಇನ್ನೇನೂ ನೆನಪಿಡಬೇಕಾಗಿಲ್ಲ" ಎಂದು ಹೇಳಿ, ತನಗೆ ತೋಚಿದ ಗುಪ್ತಸಂಖ್ಯೆಯೊಂದನ್ನು ಇಟ್ಟು ಸಂಜೆಯ ಬಸ್ಸಿಗೆ ಹೊರಟುಹೋದನು. ರಾತ್ರಿ ಬ್ಯಾಟರಿ ಮುಗಿದು ಫೋನು ಆರಿತು. ಬೆಳಿಗ್ಗೆ ವಿದ್ಯುತ್ತು ಕೊಟ್ಟು ಹೊತ್ತಿಸಿದರೆ ಅದು ಮುಖವನ್ನು ನೋಡಲೊಲ್ಲದು, ಸಂಖ್ಯೆಯನ್ನೇ ಕೇಳುತ್ತದೆ.

ಇದು ಕೆಟ್ಟುಹೋದ ಲಕ್ಷಣವಲ್ಲ. ಫೋನಿನೊಳಗಿನ ಚಿತ್ರ, ಪತ್ರ, ವಿಳಾಸಗಳೆಲ್ಲ ಗೂಢಲಿಪಿಯಲ್ಲಿ ಅಡಗಿರುತ್ತವೆ. ಅದನ್ನು ಬಿಡಿಸುವ ಕೀಲಿಯು ಗುಪ್ತಸಂಖ್ಯೆಯೊಡನೆ ಹೆಣೆದುಕೊಂಡಿರುತ್ತದೆ. ಫೋನು ಆರಿ ಹೊತ್ತಿದಾಗಲೆಲ್ಲ ಆ ಕೀಲಿಯು ಹೊಸದಾಗಿ ಸಿದ್ಧವಾಗಬೇಕು. ಮುಖದ ಹೋಲಿಕೆಯಿಂದ ದೊರೆಯುವ ಉತ್ತರ "ಸುಮಾರಾಗಿ ಸರಿ" ಎಂಬುದು. ಗೂಢಲಿಪಿಗೆ "ಸುಮಾರು" ಸಾಲದು; ಒಂದಂಕಿ ತಪ್ಪಿದರೂ ಅದು ಬಿಚ್ಚಿಕೊಳ್ಳದು. ಆದುದರಿಂದ ಮುಖವೆಂಬುದು ಬೇಗ ಒಳಗೆ ಹೋಗಲು ಕೊಟ್ಟ ಒಂದು ಸೌಕರ್ಯ ಮಾತ್ರ, ನಿಜವಾದ ಬೀಗದ ಕೈ ಸಂಖ್ಯೆಯೇ. ಐದು ಸಲ ಮುಖ ತಪ್ಪಿದರೆ, ಅಥವಾ 48 ಗಂಟೆಗಳ ಕಾಲ ತೆರೆಯದೆ ಬಿಟ್ಟರೆ ಐಫೋನು ಸಂಖ್ಯೆಯನ್ನು ಕೇಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಧಾರಣ ಮುಖಬೀಗಕ್ಕೆ 24 ಗಂಟೆ, ದೃಢವಾದುದಕ್ಕೆ 72 ಗಂಟೆಗಳ ಅವಧಿಯಿದೆ.

ಆ ತಾಯಿಯು ನೆರೆಮನೆಯ ಫೋನಿನಿಂದ ಮಗನನ್ನು ಕೇಳಿ ತಿಳಿದುಕೊಂಡರೆ ಸರಿ. ಅವನೂ ಮರೆತಿದ್ದರೆ ಉಳಿಯುವ ದಾರಿಯು ಫೋನನ್ನು ಪೂರ್ತಿ ಅಳಿಸುವುದೊಂದೇ. ಮೊಮ್ಮಗುವಿನ ಚಿತ್ರಗಳು ಬೇರೆಡೆ ನಕಲಾಗಿರದಿದ್ದರೆ ಅಲ್ಲಿಗೆ ಮುಗಿಯಿತು. ಅಳಿಸಿದ ಮೇಲೆಯೂ ಹಳೆಯ ಖಾತೆಯ ಹೆಸರು, ಗುಪ್ತಪದಗಳನ್ನು ಫೋನು ಕೇಳುವುದುಂಟು. ಅವನ್ನೂ ಮಗನೇ ಇಟ್ಟಿರುತ್ತಾನೆ. ಸಂಖ್ಯೆಯನ್ನು ತಾಯಿಯ ಕೈಯಿಂದಲೇ ಆರಿಸಿಸಿ, ನಾಲ್ಕಾರು ಸಲ ಒತ್ತಿಸಿ, ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ ತೋರಿಸಿದ್ದರೆ ಹತ್ತು ನಿಮಿಷಗಳ ಕೆಲಸವಾಗುತ್ತಿತ್ತು. ಅಕ್ಷರ ಬಲ್ಲವರು ಸಂಖ್ಯೆಯನ್ನು ಬರೆದು ಮನೆಯ ಪೆಟ್ಟಿಗೆಯಲ್ಲಿ, ಭೂಮಿಯ ಪಹಣಿಯೊಡನೆ ಇಟ್ಟುಕೊಳ್ಳಬಹುದು. ಫೋನಿನ ಬೆನ್ನಿಗೆ ಅಂಟಿಸುವುದು ಮಾತ್ರ ಬೇಡ.

ಕೊನೆಯದಾಗಿ ಒಂದು ಗೊಂದಲವನ್ನು ಬಿಡಿಸಬೇಕಾಗಿದೆ. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ 2021ರ ನವೆಂಬರಿನಲ್ಲಿಯೂ, ಪಿಎಂ-ಕಿಸಾನ್ ಯೋಜನೆಗೆ 2023ರ ಜೂನಿನಲ್ಲಿಯೂ ಫೋನಿಗೆ ಮುಖ ತೋರಿಸಿ ಗುರುತು ದೃಢಪಡಿಸುವ ಕ್ರಮವು ಬಂದಿತು. ಅದು ವಿಫಲವಾದಾಗ ಅನೇಕರು ಫೋನಿನ ಮುಖಬೀಗವನ್ನು ಅಳಿಸಿ ಮತ್ತೆ ದಾಖಲಿಸುತ್ತಾರೆ. ಇದರಿಂದ ಪ್ರಯೋಜನವಿಲ್ಲ. ಅಲ್ಲಿ ಹೋಲಿಕೆಯು ಫೋನಿನ ಮಾದರಿಯೊಡನೆ ನಡೆಯುವುದಿಲ್ಲ, ಆಧಾರ್ ಪ್ರಾಧಿಕಾರದ ಬಳಿಯಿರುವ ಭಾವಚಿತ್ರದೊಡನೆ ನಡೆಯುತ್ತದೆ. ನೆರಳು, ಧೂಳು, ತಲೆವಸ್ತ್ರಗಳ ವಿಷಯದಲ್ಲಿ ಮೇಲೆ ಹೇಳಿದ ಮಾತುಗಳು ಇಲ್ಲಿಗೂ ಸಲ್ಲುತ್ತವೆ. ಆದರೆ ಆ ಚಿತ್ರವೇ ಬಹಳ ಹಳೆಯದಾಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಹೊಸದನ್ನು ತೆಗೆಸಬೇಕು. ಪಿಎಂ-ಕಿಸಾನ್ ಕಂತು ಅಷ್ಟರವರೆಗೆ ಕಾಯಬೇಕಾಗಿಲ್ಲ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಸಂಖ್ಯೆಯಿಂದಾಗಲಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚಿನಿಂದಾಗಲಿ ಅದೇ ಕೆಲಸವನ್ನು ಮುಗಿಸಬಹುದು.